ವಾರ್ತೆಯೂ ತೃಪ್ತಿಯೂ

ವಾರ್ತೆ ತೃಪ್ತಿ ತಂದಿತೆ ಎಂದು ಪ್ರೇಕ್ಷಕನನ್ನು ಕೇಳುವುದು ಸುಲಭ. ಆ ತೃಪ್ತಿ ಎಲ್ಲಿಂದ ಬಂದಿತೆಂದು ವಿಚಾರಿಸುವುದು ಕಷ್ಟ. ನೆರೆಯ ತಮಿಳುನಾಡಿನ ಟಿವಿ ವಾಹಿನಿಗಳ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಯೇ ಮುಖ್ಯವೆಂದು ನನ್ನ ಅಭಿಪ್ರಾಯ.

ಅಲ್ಲಿ 1993ರಲ್ಲಿ ಸನ್ ಟಿವಿ, 1999ರಲ್ಲಿ ಜಯಾ ಟಿವಿ, 2007ರಲ್ಲಿ ಕಲೈಞರ್ ಟಿವಿ ಹುಟ್ಟಿದವು. ಒಂದೊಂದರ ಮೇಲೂ ಒಂದು ಪಕ್ಷದ ನೆರಳು ಬಿದ್ದಿತ್ತಷ್ಟೆ. 2001ರ ಜೂನ್ 30ರ ನಡುರಾತ್ರಿ ಕಳೆದ ಮೇಲೆ ಕರುಣಾನಿಧಿಯವರ ಬಂಧನವಾದಾಗ, ಸನ್ ಟಿವಿ ಪೊಲೀಸರ ಒರಟುತನವನ್ನು ಮತ್ತೆ ಮತ್ತೆ ತೋರಿಸಿತು. ಜಯಾ ಟಿವಿ ಪೊಲೀಸರ ಪಕ್ಷವನ್ನು ಮುಂದಿಟ್ಟಿತು. ಘಟನೆ ಒಂದು, ವಾರ್ತೆ ಎರಡು; ಆಯಾ ಪಕ್ಷದವರಿಗೆ ಅವರವರ ವಾರ್ತೆಯೇ ತೃಪ್ತಿ!

ಆದರೆ ಪಕ್ಷಭೇದವಿಲ್ಲದ ವಾರ್ತೆಯ ಮಾತನ್ನಾಡುತ್ತ 2011ರಲ್ಲಿ ಬಂದ ಪುದಿಯ ತಲೈಮುರೈ ಬಹುಬೇಗ ಜನಪ್ರಿಯವಾಯಿತು. ಜನರಲ್ಲಿ ಬೇರೊಂದು ಹಸಿವೂ ಇತ್ತೆಂಬುದು ಇದರಿಂದ ಸ್ಪಷ್ಟವಲ್ಲವೆ?

‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ಗಾದೆ ಪಥ್ಯಕ್ಕೆ ಸಲ್ಲಬಹುದು, ವಾರ್ತೆಗೆ ಸಲ್ಲದು. ನಮ್ಮವರ ತಪ್ಪನ್ನೂ ತೋರಿಸಿ ನಮ್ಮನ್ನು ಆಗಾಗ ಅತೃಪ್ತಿಗೊಳಿಸುವ ವಾಹಿನಿಯೇ ಹಿತವಾದುದು. ಸಹಪಾಠಿ ಮಿತ್ರರೇ, ಕನ್ನಡ ವಾರ್ತೆಯ ಮುಂದೆ ಕುಳಿತಾಗಲೂ ಈ ಒರೆಗಲ್ಲು ನಮ್ಮ ಕೈಯಲ್ಲಿರಲಿ.