ಹೆಣ ಸಾಗಿಸಲು ವಂತಿಗೆ, ಜೀವ ಉಳಿಸಲು ಏಕಿಲ್ಲ?



ಮುಂಬ್ರಾದ ನಮ್ಮವರ ರೂಮುಗಳಲ್ಲಿ ಒಂದು ವಹಿ ಇದೆ. ಅದು ಸತ್ತವರ ವಂತಿಗೆಯ ವಹಿ. ಯಾರಾದರೂ ತೀರಿಕೊಂಡರೆ ಹೆಣವನ್ನು ಊರಿಗೆ ಸಾಗಿಸಲು ಬಾಡಿಗೆ ಕೂಡಿಸಬೇಕು. ಐವತ್ತು, ನೂರು, ಇನ್ನೂರು ಎಂದು ಹೆಸರಿನ ಮುಂದೆ ಬರೆಯುತ್ತೇವೆ. ಆ ವಹಿ ಹಿಡಿದು ಬಾಗಿಲು ಬಾಗಿಲು ತಿರುಗಿದವರು ನಾವೇ. ಮೊನ್ನೆ ಅದನ್ನು ಮೊದಲಿನಿಂದ ತಿರುವಿ ಹಾಕಿದೆವು. ಸತ್ತವರಲ್ಲಿ ಮುದುಕರು ಕಡಿಮೆ. ನಲವತ್ತೆರಡು, ನಲವತ್ತೇಳು, ಐವತ್ತೊಂದು! ಕಾರಣ ಕೇಳಿದರೆ ಮತ್ತೆ ಮತ್ತೆ ಒಂದೇ ಮಾತು: “ಎದೆನೋವು ಬಂತು, ಹೋದರು.”

2025ರ ಜೂನ್ 9ರಂದು ಮುಂಬ್ರಾದ ಬಳಿ ತುಂಬಿದ ಲೋಕಲ್ ಗಾಡಿಗಳಿಂದ ಪ್ರಯಾಣಿಕರು ಬಿದ್ದು ಸತ್ತಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಬರೆಯಬೇಕಾದದ್ದೇ. ಆದರೆ ಅದೇ ಸ್ಟೇಷನ್ನಿನ ಮೆಟ್ಟಿಲ ಮೇಲೆ ಒಂದು ರಾತ್ರಿ ಎದೆ ಹಿಡಿದು ಕೂತ ನಮ್ಮ ಗೆಳೆಯನ ಸುದ್ದಿಯನ್ನು ಯಾರು ಬರೆದರು? ಹದಿನೆಂಟು ವರ್ಷ ದೋಸೆ ಕಾವಲಿಯ ಮುಂದೆ ನಿಂತವನು. ಮೈಯೆಲ್ಲ ಬೆವರು, ಎಡಗೈ ಸೆಳೆತ. “ಗ್ಯಾಸು” ಎಂದು ಸೋಡಾ ಕುಡಿದು ರೂಮಿಗೆ ಬಂದು ಮಲಗಿದ. ಬೆಳಿಗ್ಗೆ ಐದರ ಡ್ಯೂಟಿಗೆ ಏಳಲಿಲ್ಲ. ಅವನ ಬೀಪಿಯನ್ನು ಒಮ್ಮೆಯೂ ಯಾರೂ ನೋಡಿರಲಿಲ್ಲ. ನಾವೂ ನೋಡಿರಲಿಲ್ಲ.

ಇದಕ್ಕೆ ಹಣೆಬರಹ ಎಂದು ಹೆಸರಿಡುವವರಿದ್ದಾರೆ. ಹಣೆಬರಹವೇ ಆದರೆ ಅದು ದುಡಿಯುವವರ ಹಣೆಯನ್ನೇ ಏಕೆ ಹುಡುಕಿಕೊಂಡು ಬರುತ್ತದೆ?

ಫಿನ್ಲೆಂಡ್ ದೇಶದಲ್ಲಿ ಉತ್ತರ ಕರೇಲಿಯಾ ಎಂಬ ಸೀಮೆಯಿದೆ. ಮರ ಕಡಿಯುವವರು, ದನ ಸಾಕುವವರು, ಬಡವರು ಇರುವ ನಾಡು. ಅಲ್ಲಿಯ ಗಂಡಸರು ದುಡಿಯುವ ವಯಸ್ಸಿನಲ್ಲೇ ಹೃದ್ರೋಗದಿಂದ ಸಾಯುತ್ತಿದ್ದರು. ಜನರೇ ಸರಕಾರಕ್ಕೆ ಅರ್ಜಿ ಕೊಟ್ಟರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ತರುಣ ಡಾಕ್ಟರರ ಮುಂದಾಳುತನದಲ್ಲಿ ಕೆಲಸ ಹಿಡಿದರು. ಅವರು ಆಸ್ಪತ್ರೆಯಲ್ಲಿ ಕೂತು ರೋಗಿಗಳಿಗಾಗಿ ಕಾಯಲಿಲ್ಲ. ಊರೂರಿಗೆ ಹೋಗಿ ಬೀಪಿ ಅಳೆದರು. ಗೃಹಿಣಿಯರ ಸಂಘಗಳು ಬೆಣ್ಣೆ, ಉಪ್ಪು ಕಡಿಮೆ ಮಾಡಿ ತರಕಾರಿ ಹೆಚ್ಚಿಸಿ ಅಡುಗೆ ಮಾಡಿ ತೋರಿಸಿದವು. ಊರಿಗೆ ಊರೇ ಸಿಗರೇಟಿನ ವಿರುದ್ಧ ನಿಂತಿತು. ಸುಮಾರು ನಲವತ್ತು ವರ್ಷಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಐದರಲ್ಲಿ ನಾಲ್ಕು ಪಾಲು ಇಳಿಯಿತು. ಹಣೆಬರಹವನ್ನು ಒಂದು ಸೀಮೆಯ ಜನ ಕೂಡಿ ಅಳಿಸಿದರು!

ಇನ್ನು ಉಪದೇಶಕರ ಮಾತು. ಶಿಬಿರಕ್ಕೆ ಬಂದು ಅವರು ಹೇಳುತ್ತಾರೆ: “ಬೆಳಿಗ್ಗೆ ವಾಕಿಂಗ್ ಮಾಡಿರಿ, ಚಿಂತೆ ಬಿಡಿರಿ, ಹೊತ್ತಿಗೆ ಸರಿಯಾಗಿ ಮಲಗಿರಿ.” ಸ್ವಾಮಿ, ಯಾವ ಬೆಳಿಗ್ಗೆ? ನಾಲ್ಕಕ್ಕೆ ಎದ್ದು ಮೊದಲ ಗಾಡಿ ಹಿಡಿಯುವವನು, ಹನ್ನೆರಡು ಹದಿನಾಲ್ಕು ಗಂಟೆ ಒಲೆಯ ಮುಂದೆ ನಿಲ್ಲುವವನು ವಾಕಿಂಗಿಗೆ ಯಾವಾಗ ಹೋಗಬೇಕು? ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ 2021ರಲ್ಲಿ ಲೆಕ್ಕ ಕೊಟ್ಟಿವೆ: ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವನಿಗೆ, 35ರಿಂದ 40 ಗಂಟೆ ದುಡಿಯುವವನಿಗಿಂತ, ಹೃದ್ರೋಗದಿಂದ ಸಾಯುವ ಅಪಾಯ ನೂರಕ್ಕೆ 17 ಹೆಚ್ಚು, ಪಾರ್ಶ್ವವಾಯು ಬಡಿಯುವ ಅಪಾಯ 35 ಹೆಚ್ಚು. ಹಾಗಾದರೆ ಗಂಟೆಗಳ ಪ್ರಶ್ನೆ ಬರಿಯ ಸಂಬಳದ ಪ್ರಶ್ನೆಯಲ್ಲ, ಎದೆಯ ಪ್ರಶ್ನೆ.

ಗಿರಣಿಯಲ್ಲಿ ದುಡಿದ ಹಿರಿಯರು ಇದನ್ನು ಬಲ್ಲರು. 1911ರ ಕಾಯಿದೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ಗಂಟೆ ಎಂದಿತು. 1934ರದು 10 ಎಂದಿತು. 1948ರದು 9, ವಾರಕ್ಕೆ 48 ಎಂದಿತು. ಆ ಒಂದೊಂದು ಗಂಟೆಯ ಹಿಂದೆ ದುಡಿಯುವವರ ಹೋರಾಟವಿತ್ತು. ಈಗ ಚಕ್ರ ಹಿಂದಕ್ಕೆ ತಿರುಗುತ್ತಿದೆ. ಅಂಗಡಿ ಹೋಟೆಲುಗಳಿಗೆ 2017ರ ಮಹಾರಾಷ್ಟ್ರ ಕಾಯಿದೆ ಇಟ್ಟಿದ್ದ 9 ಗಂಟೆಯ ಮಿತಿಯನ್ನು 10ಕ್ಕೆ ಏರಿಸಲು ರಾಜ್ಯದ ಮಂತ್ರಿಮಂಡಲ 2025ರ ಸೆಪ್ಟೆಂಬರಿನಲ್ಲಿ ಒಪ್ಪಿತು. ಗಲ್ಲೆಯ ಮೇಲೆ ಕೂತವರು “ನಾವೆಲ್ಲ ಒಂದೇ ಊರಿನವರಲ್ಲವೇ, ಗಂಟೆ ಎಣಿಸುವುದೇ?” ಎನ್ನುತ್ತಾರೆ. ಒಂದೇ ಊರಿನವರು ನಿಜ. ಆದರೆ ಆ ಊರಿಗೆ ಹೆಣವಾಗಿ ಹೋಗುವವರು ನಾವು!

ಮಾಲಿಕರನ್ನು ಬೈದು ನಮ್ಮ ತಪ್ಪನ್ನು ಮುಚ್ಚಿಕೊಳ್ಳುವುದೂ ಬೇಡ. ಹಸಿವೆ ಅಡಗಿಸಲು ತಂಬಾಕು, ನಿದ್ದೆ ಓಡಿಸಲು ಬೀಡಿ. ರೂಮಿನಲ್ಲಿ ಗಂಜಿಗೆ ಉಪ್ಪಿನಕಾಯಿ, ಹಪ್ಪಳ, ಮೇಲೆ ಉಪ್ಪು. ದಿನಕ್ಕೆ ಒಬ್ಬನಿಗೆ ಉಪ್ಪು 5 ಗ್ರಾಮಿಗಿಂತ ಕಡಿಮೆ ಇರಬೇಕು. ಅಂದರೆ ಒಂದು ಚಹಾ ಚಮಚವೂ ತುಂಬದು. ಬೀಪಿಯ ಗುಳಿಗೆ ಕೊಟ್ಟರೆ ತಲೆಸುತ್ತು ನಿಂತ ದಿನವೇ ಅದನ್ನು ಬಿಟ್ಟುಬಿಡುತ್ತೇವೆ. ಬೀಪಿ ನೋವು ಕೊಡದೆ ಕೊಲ್ಲುವ ರೋಗ. ಅಳೆಯದೆ ಅದು ತಿಳಿಯುವುದಿಲ್ಲ.

ಆದರೆ ಒಬ್ಬೊಬ್ಬನೇ ಶಪಥ ಮಾಡಿದರೆ ಎಂಟು ದಿನ ನಿಲ್ಲದು. ಹತ್ತು ಮಂದಿಯ ರೂಮಿನಲ್ಲಿ ಒಂದೇ ಪಾತ್ರೆಯ ಸಾರು. ಒಬ್ಬನಿಗೆ ಬೇರೆ ಉಪ್ಪು ಹಾಕುವವರು ಯಾರು? ಆದ್ದರಿಂದಲೇ ಇದು ಸಂಘದ ಕೆಲಸ. ಹಗಲೆಲ್ಲ ಲೋಟ ತೊಳೆದ ಹುಡುಗರಿಗಾಗಿ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳನ್ನು ಕಟ್ಟಿದ ಜನ ನಾವು. ಅಕ್ಷರಕ್ಕಾಗಿ ಅಷ್ಟು ಮಾಡಿದವರಿಗೆ ಜೀವಕ್ಕಾಗಿ ಇಷ್ಟು ಆಗದೇ?

ಆದುದರಿಂದ ಮುಂಬ್ರಾದ ಬಂಧುಗಳ ಮುಂದೆ ನಾಲ್ಕು ಮಾತು ಇಡುತ್ತೇವೆ.

ಒಂದು: ವಂತಿಗೆ ಕೂಡಿಸಿ ಒಂದು ಬೀಪಿ ಯಂತ್ರ ಕೊಳ್ಳೋಣ. ತಿಂಗಳಿಗೊಮ್ಮೆ, ರಾತ್ರಿ ಡ್ಯೂಟಿ ಮುಗಿದ ಮೇಲೆ, ಮೂವತ್ತು ದಾಟಿದ ಪ್ರತಿಯೊಬ್ಬರ ಬೀಪಿ ಅಳೆದು ವಹಿಯಲ್ಲಿ ಬರೆಯೋಣ. ಮತ್ತೆ ಮತ್ತೆ 140/90 ಅಥವಾ ಹೆಚ್ಚು ಬಂದವನನ್ನು ಡಾಕ್ಟರರ ಬಳಿ ನಾವೇ ಕರೆದೊಯ್ಯೋಣ. ಡಾಕ್ಟರರು ಹೇಳದೆ ಗುಳಿಗೆ ಬಿಡಬಾರದು.

ಎರಡು: ರೂಮಿನ ಅಡುಗೆಗೆ ಉಪ್ಪು, ಎಣ್ಣೆ ಅಳೆದು ಹಾಕಲಿ. ಕರಿದು ಕಪ್ಪಾದ ಎಣ್ಣೆ ರೂಮಿಗೆ ಬಾರದಿರಲಿ. ರೂಮಿನೊಳಗೆ ಬೀಡಿ, ತಂಬಾಕು ಬೇಡ.

ಮೂರು: ಎದೆ ಬಿಗಿತ, ಬೆವರು, ಕೈಗೆ ದವಡೆಗೆ ಹಬ್ಬುವ ನೋವು ಕಂಡರೆ ಸೋಡಾ ಬೇಡ. ಕೂಡಲೇ 108ಕ್ಕೆ ಫೋನು ಮಾಡಿರಿ. ಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ ಹತ್ತಿರದ ಕಳವಾದಲ್ಲೇ ಇದೆ. ರಕ್ತನಾಳ ಕಟ್ಟಿಕೊಂಡ ಮೇಲೆ ಕಳೆದ ಒಂದೊಂದು ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತದೆ.

ನಾಲ್ಕು: ವಾರದ ರಜೆ, ಕೂತು ಉಣ್ಣಲು ಬಿಡುವು, ಹೆಚ್ಚು ಗಂಟೆಗೆ ಇಮ್ಮಡಿ ಕೂಲಿ, ಅರ್ಹರೆಲ್ಲರಿಗೂ ಇ.ಎಸ್.ಐ. ಕಾರ್ಡು. ಇವನ್ನು ಭಿಕ್ಷೆಯಾಗಿ ಬೇಡುವುದಿಲ್ಲ, ಹಕ್ಕಾಗಿ ಕೇಳುತ್ತೇವೆ.

ಆ ಹಳೆಯ ವಹಿಯಲ್ಲಿ ಇನ್ನೂ ಖಾಲಿ ಹಾಳೆಗಳಿವೆ. ಅವುಗಳಲ್ಲಿ ಬದುಕಿರುವವರ ಹೆಸರು, ಅವರ ಬೀಪಿ ಬರೆಯೋಣ. ಬಂಧುಗಳೇ, ಈ ತಿಂಗಳೇ ಬನ್ನಿರಿ. ತೋಳು ಚಾಚಿರಿ!