ಗರಾಜಿನಲ್ಲಿ ಚಳಿಗಾಲ

ಮಿನ್ನೆಸೋಟಾದಲ್ಲಿ ರಸ್ತೆಗೆ ಉಪ್ಪು ಬಿತ್ತೆಂದರೆ ನನ್ನ ಹಳೆಯ ಬೈಕು ಗರಾಜು ಸೇರುತ್ತದೆ. ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಸ್ಟೆಬಿಲೈಸರ್ ಹಾಕಿ, ಬ್ಯಾಟರಿಗೆ ಸಣ್ಣ ಚಾರ್ಜರ್ ಸಿಕ್ಕಿಸಿದರೆ ಕೆಲಸ ಮುಗಿಯಬೇಕು. ಮುಗಿಯುವುದಿಲ್ಲ! ಏಪ್ರಿಲ್ ತನಕ ದಿನಾ ರಾತ್ರಿ ಹೋಗಿ ಒರೆಸುತ್ತೇನೆ. "ಐದು ತಿಂಗಳು ಓಡದ ಗಾಡಿ, ಮಾರಿಬಿಡೋ" ಎನ್ನುತ್ತಾರೆ ಸ್ನೇಹಿತರು.

ಹುಚ್ಚೇ ಇರಬಹುದು. ಬಿಡಬೇಕೆಂದು ಮಾತ್ರ ನನಗನ್ನಿಸುವುದಿಲ್ಲ. ಮೈಸೂರಿನಲ್ಲಿರುವ ಅಪ್ಪನ ಜೊತೆ ಭಾನುವಾರದ ಫೋನು "ಊಟ ಆಯ್ತಾ, ಚಳಿ ಹೇಗಿದೆ" ಎಂಬಲ್ಲಿಗೇ ನಿಲ್ಲುತ್ತಿತ್ತು. ಒಮ್ಮೆ ಸುಮ್ಮನೆ ಕಾರ್ಬ್ಯುರೇಟರ್ ಬಗ್ಗೆ ಕೇಳಿದೆ. ಶುರುವಾಯಿತು ನೋಡಿ, ಅವರ ಯೆಜ್ಡಿ ಪುರಾಣ! ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯದು (1996ರಲ್ಲಿ ಮುಚ್ಚಿತು). ಕಿಕ್ಕರಿಗೂ ಗೇರಿಗೂ ಒಂದೇ ಲಿವರ್, ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು, ಪ್ಲಗ್ ಬಿಚ್ಚಿ ಉಜ್ಜುವುದು ಹೇಗೆ... ಅರ್ಧ ಗಂಟೆ.

"ನೀನು ಹುಟ್ಟಿದ ರಾತ್ರಿ ದಾರೀಲಿ ಪೆಟ್ರೋಲ್ ಖಾಲಿ ಕಣೋ. ಆಸ್ಪತ್ರೆ ತನಕ ತಳ್ಳಿಕೊಂಡೇ ಹೋದೆ" ಎಂದರು. ಮೂವತ್ತಾರು ವರ್ಷ ಈ ಮಾತು ನನಗೆ ಗೊತ್ತಿರಲಿಲ್ಲ.

ಬೇಸಿಗೆಯಲ್ಲಾಗಿದ್ದರೆ ನಾನು ಎಲ್ಲೋ ರಸ್ತೆಯ ಮೇಲಿರುತ್ತಿದ್ದೆ. ಈಗ ಪ್ರತಿ ಭಾನುವಾರ ಗರಾಜಿನಿಂದಲೇ ಫೋನು. ಈ ವರ್ಷವೂ ಕಾರ್ಬ್ಯುರೇಟರ್ ಬಿಚ್ಚಿಟ್ಟಿದ್ದೇನೆ, ಅಗತ್ಯವೇನೂ ಇರಲಿಲ್ಲ.