ಕಂತು ಕಡಿಮೆ, ಹೊರೆ ಎಷ್ಟು?

ಕಳೆದ ವಾರ ನೆರೆಯ ಕೃಷಿಕರೊಬ್ಬರು ಎರಡು ಆರೋಗ್ಯವಿಮೆಯ ವಿವರಪತ್ರಗಳನ್ನು ತಂದು ನನ್ನ ಮುಂದಿರಿಸಿದರು. “ಅಗ್ಗದ್ದು ಯಾವುದೆಂದು ನನಗೂ ಕಾಣುತ್ತದೆ ಮಾಷ್ಟ್ರೇ, ನಮಗೆ ಹೊಂದುವುದು ಯಾವುದು, ಹೇಳಿ” ಎಂದರು. ಪ್ರಶ್ನೆ ಅವರೊಬ್ಬರದಲ್ಲ, ಮಕ್ಕಳನ್ನು ಓದಿಸುತ್ತಿರುವ ನಮ್ಮೆಲ್ಲರ ಮನೆಗಳದ್ದು. ಆದುದರಿಂದ ಆ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ.

ಎರಡರಲ್ಲಿಯೂ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ. ಮೊದಲನೆಯದರ ಪ್ರೀಮಿಯಂ 24,000 ರೂಪಾಯಿ, ಎರಡನೆಯದರದು 11,000. ಆದರೆ ಎರಡನೆಯದರಲ್ಲಿ 50,000 ರೂಪಾಯಿಯ ‘ಡಿಡಕ್ಟಿಬಲ್’ ಇದೆ. ಅಂದರೆ, ವರ್ಷದ ಆಸ್ಪತ್ರೆ ವೆಚ್ಚದಲ್ಲಿ ಮೊದಲ 50,000 ರೂಪಾಯಿಯನ್ನು ನಾವೇ ಭರಿಸಬೇಕು. ಅದಕ್ಕೆ ಮೇಲ್ಪಟ್ಟದ್ದು ಮಾತ್ರ ಕಂಪೆನಿಯ ಪಾಲು.

ವರ್ಷವಿಡೀ ಯಾರೂ ಆಸ್ಪತ್ರೆ ಸೇರದಿದ್ದರೆ ಎರಡನೆಯದರಿಂದ 13,000 ರೂಪಾಯಿ ಉಳಿತಾಯ. 40,000 ರೂಪಾಯಿಯ ಬಿಲ್ಲು ಬಂದರೆ ಮೊದಲನೆಯದರಲ್ಲಿ ನಮ್ಮ ಒಟ್ಟು ಖರ್ಚು 24,000; ಎರಡನೆಯದರಲ್ಲಿ 51,000. ಬಿಲ್ಲು 3 ಲಕ್ಷವಾದರೆ ಮೊದಲನೆಯದರಲ್ಲಿ ಅದೇ 24,000, ಎರಡನೆಯದರಲ್ಲಿ 61,000. ನಾಲ್ಕು ವರ್ಷ ಆರೋಗ್ಯವಾಗಿದ್ದರೆ ಉಳಿಯುವ 52,000 ರೂಪಾಯಿ ಒಂದು ಬಾರಿಯ ಡಿಡಕ್ಟಿಬಲ್‌ಗೆ ಸಾಕಾಗುತ್ತದೆ. ಆದರೆ ಅದು ನಿಜವಾಗಿಯೂ ಸಹಕಾರಿ ಬ್ಯಾಂಕಿನ ಖಾತೆಯಲ್ಲಿ ಉಳಿದಿರಬೇಕು. ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಕರಗಿಹೋಗಿರಬಾರದು.

ಹೀಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಒಂದು ರಾತ್ರಿ ಕಳೆಯುವುದರೊಳಗೆ, ಸಾಲ ಮಾಡದೆ, ಚಿನ್ನ ಅಡವಿಡದೆ 50,000 ರೂಪಾಯಿ ಹೊಂದಿಸಲು ಸಾಧ್ಯವೇ? ಅಡಿಕೆ ಮಾರಿದಾಗ ಕೈಯಲ್ಲಿ ಹಣವಿರಬಹುದು. ಜ್ವರ ಬರುವುದು ಆಟಿಯ ಮಳೆಯಲ್ಲಿ. ಬೇರೊಂದು ವಿಮೆಯೋ ಗಟ್ಟಿಯಾದ ಉಳಿತಾಯವೋ ಇದ್ದವರಿಗೆ ಎರಡನೆಯದು ಲಾಭಕರ. ಏನೂ ಇಲ್ಲದವರಿಗೆ ಕಡಿಮೆ ಕಂತೇ ದುಬಾರಿ.

ಇನ್ನೂ ಕೆಲವು ಅಂಶಗಳನ್ನು ನೋಡಲೇಬೇಕು. ಸಾಮಾನ್ಯ ‘ಟಾಪ್-ಅಪ್’ ಪಾಲಿಸಿಯಲ್ಲಿ ಡಿಡಕ್ಟಿಬಲ್ ಪ್ರತಿ ಬಾರಿಯ ದಾಖಲಾತಿಗೂ ಪ್ರತ್ಯೇಕ. ‘ಸೂಪರ್ ಟಾಪ್-ಅಪ್’ನಲ್ಲಿ ವರ್ಷದ ಒಟ್ಟು ವೆಚ್ಚಕ್ಕೆ ಒಂದೇ. ಕೋಣೆಯ ಬಾಡಿಗೆಗೆ ಮಿತಿಯಿದ್ದರೆ, ಅದಕ್ಕಿಂತ ದುಬಾರಿ ಕೋಣೆ ಹಿಡಿದಾಗ ಬಿಲ್ಲಿನ ಇತರ ಬಾಬುಗಳಲ್ಲಿಯೂ ಕಡಿತವಾಗಬಹುದು. ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಮುಚ್ಚಿಡಬಾರದು. ಅವುಗಳಿಗೆ ಕಾಯುವ ಅವಧಿ ಈಗ ಹೆಚ್ಚೆಂದರೆ 36 ತಿಂಗಳು. ಮುಚ್ಚಿಟ್ಟದ್ದು ಬಯಲಾದರೆ ಕ್ಲೇಮೇ ತಿರಸ್ಕೃತವಾದೀತು.

ನಾವು ಕಾಸರಗೋಡಿನವರು ಚಿಕಿತ್ಸೆಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರು. 2020ರಲ್ಲಿ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡನ್ನು ಮರೆತಿಲ್ಲ. ಆದುದರಿಂದ ನಗದುರಹಿತ ಚಿಕಿತ್ಸೆಯ ಆಸ್ಪತ್ರೆಗಳ ಪಟ್ಟಿಯಲ್ಲಿ ಗಡಿಯ ಎರಡೂ ಬದಿಯವು ಇವೆಯೇ ಎಂದು ನೋಡಿರಿ. ಅದಕ್ಕೂ ಮೊದಲು ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಗೆ ನಿಮ್ಮ ಕುಟುಂಬ ಅರ್ಹವೇ ಎಂದು ವಿಚಾರಿಸಿರಿ. ಅರ್ಹ ಕುಟುಂಬಕ್ಕೆ ಅದರಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯುಂಟು.

ಕೊನೆಯದಾಗಿ ಭಾಷೆಯ ಮಾತು. ಅರ್ಜಿಯ ಇಂಗ್ಲಿಷ್ ಅಕ್ಷರಗಳ ಕೆಳಗೆ ‘ಎಲ್ಲವನ್ನೂ ಅರಿತಿದ್ದೇನೆ’ ಎಂದು ಸಹಿ ಹಾಕುವವರು ನಾವೇ. ಪಾಲಿಸಿಯ ಜೊತೆಗೆ ಮುಖ್ಯ ನಿಯಮಗಳ ಸಂಕ್ಷಿಪ್ತ ಮಾಹಿತಿ ಪತ್ರವನ್ನು ಕೊಡಬೇಕೆಂದೂ, ಗ್ರಾಹಕರು ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕೆಂದೂ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶವಿದೆ. ಕನ್ನಡದಲ್ಲಿಯೇ ಬೇಕೆಂದು ಬರೆದು ಕೇಳಿರಿ. ಹೊಸ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸಲೂ ಅವಕಾಶವಿದೆ. ಅಲ್ಪ ಕಡಿತದೊಂದಿಗೆ ಹಣ ಮರಳುತ್ತದೆ.

ನನ್ನ ನೆರೆಯವರು ಮೊದಲನೆಯ ಪಾಲಿಸಿಯನ್ನು ಆರಿಸಿದರು. ಅವರ ತಾಯಿಗೆ ಸಕ್ಕರೆ ಕಾಯಿಲೆ, ಕೈಯಲ್ಲಿ ಉಳಿತಾಯವಿಲ್ಲ. ಅದನ್ನು ಅರ್ಜಿಯಲ್ಲಿ ಮರೆಮಾಚದೆ ಬರೆದು, ಮಾಹಿತಿ ಪತ್ರ ಕನ್ನಡದಲ್ಲಿ ಬೇಕೆಂದು ಕೇಳಿದ್ದಾರೆ. ಬಂದೊಡನೆ ಏಳನೆಯ ತರಗತಿಯ ಮಗಳು ಅದನ್ನು ಮನೆಮಂದಿಗೆಲ್ಲ ಓದಿ ಹೇಳಬೇಕೆಂದು ನಿಶ್ಚಯವಾಗಿದೆ.